ಮರದ ಹಿಂದೆ ಇದ್ದದ್ದು

ಕಿಟಕಿಯ ಮುಂದಿನ ಮರ ಕಡಿದ ದಿನವೇ ದರ್ಜಿಯಮ್ಮನ ನೆಮ್ಮದಿಗೂ ಕೊಡಲಿ ಬಿತ್ತು. ಮೂರನೇ ಮಹಡಿಯ ಆ ಕಿಟಕಿಯಲ್ಲಿ ಬರೀ ಹಸಿರು ಕಂಡವಳಿಗೆ ಈಗ ಕಾರ್ಖಾನೆಯ ಹೊಗೆಗೊಳವೆ ಕಣ್ಣಿಗೆ ರಾಚುತ್ತಿತ್ತು. ಅಂದಿನಿಂದ ಗಂಟಲಲ್ಲಿ ಕೆರೆತ, ಬಿಡದ ಕೆಮ್ಮು. ಕಿಟಕಿಗೆ ಚಿಲಕ ಹಾಕಿ ಸಂದಿಗೊಂದಿಗಳಿಗೆಲ್ಲ ಬಟ್ಟೆಯ ಚೂರು ತುರುಕಿದಳು. ಹೊಲಿಯಲು ಬಂದ ಬಿಳಿ ಅಂಗಿಗಳನ್ನು ಗಳಿಗೆಗೊಮ್ಮೆ ಬೆಳಕಿಗೆ ಹಿಡಿದು ಮಸಿ ಹುಡುಕಿದಳು. ಮೂರು ವರ್ಷದ ಮೊಮ್ಮಗಳನ್ನಂತೂ ಆ ಕೋಣೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ.

ಅವಳ ಗೋಳು ಕೇಳಿ ಕೇಳಿ ಸಾಕಾದ ಮಗಳು ಗಾಳಿಯ ಮಾಲಿನ್ಯ ಅಳೆಯುವವನನ್ನೇ ಕರೆಸಿದಳು. ಅವನು ಕಿಟಕಿ ತೆಗೆಸಿ, ಅಂಗೈಯಗಲದ ಯಂತ್ರವನ್ನು ಹೊರಗೆ ಚಾಚಿ ಹಿಡಿದ.

"ಹೊಸದಾಗೇನೂ ಕೆಟ್ಟಿಲ್ಲಮ್ಮ," ಎಂದ. "ನಾಲ್ಕು ವರ್ಷದಿಂದ ಈ ಬೀದೀಲಿ ನಾನೇ ಅಳೀತಿದೀನಿ. ಮರ ಇದ್ದಾಗ್ಲೂ ಇಷ್ಟೇ ಕೆಟ್ಟಿತ್ತು."

"ನೋಡಿದ್ಯಾ ಅಮ್ಮ?" ಮಗಳು ನಕ್ಕಳು. "ನಿನ್ನ ಕೆಮ್ಮು ಬಂದಿದ್ದು ಮೂಗಿಂದ ಅಲ್ಲ, ಕಣ್ಣಿಂದ."

ದರ್ಜಿಯಮ್ಮನಿಗೆ ನಗು ಬರಲಿಲ್ಲ. ಮೊಮ್ಮಗಳು ಹಸುಗೂಸಾಗಿದ್ದಾಗ, ಮಗಳು ಬೇಡವೆಂದರೂ ಹಟ ಹಿಡಿದು, ತೊಟ್ಟಿಲನ್ನು ಆ ಕಿಟಕಿಯ ಕೆಳಗೆ ಕಟ್ಟಿಸಿದವಳು ಅವಳೇ. ಮರದ ಗಾಳಿ ಅಮೃತವೆಂದು, ಮರ ಇರುವ ತನಕ ಒಂದು ದಿನವೂ ಕಿಟಕಿ ಮುಚ್ಚಗೊಡದವಳೂ ಅವಳೇ.

ಅವಳು ಒಳಗೆ ಓಡಿ, ಆಡುತ್ತಿದ್ದ ಮೊಮ್ಮಗಳನ್ನು ಹಿಡಿದುಕೊಂಡು, ಉಸಿರಾಟ ಕೇಳಲು ಮಗುವಿನ ಎದೆಗೆ ಕಿವಿ ಇಟ್ಟಳು. ಅಜ್ಜಿ ಹೊಸ ಆಟ ಹೂಡಿದ್ದಾಳೆಂದುಕೊಂಡು ಮಗು ಉಸಿರು ಬಿಗಿ ಹಿಡಿಯಿತು.