ರಸೀದಿಯಲ್ಲಿದ್ದ ನಂಬರು ಯಾರದ್ದು?

ಗುಬ್ಬಿಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವ ಅಡವಿಯಪ್ಪನಿಗೆ ಆರು ವಾರದಿಂದ ಒಂದೇ ಜಪ, ಪ್ಯಾನ್ ಕಾರ್ಡು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಅಂಗಡಿ ಬಾಗಿಲು ತೆಗೆದವನು ಒಲೆ ಕಡೆ ನೋಡುತ್ತಿರಲಿಲ್ಲ. ಅಂಚೆ ತರುವ ಸಂಧ್ಯಾಳ ದಾರಿ ನೋಡುತ್ತಾ ಕೂರುತ್ತಿದ್ದ.

ಕಾರ್ಡು ಬೇಕಿದ್ದದ್ದು ಮಗಳು ಭೂಮಿಕಾಳಿಗೆ. ಬಿ.ಕಾಂ. ಮುಗಿಸಿ ಎರಡು ವರ್ಷ ಅಲೆದ ಮೇಲೆ ತುಮಕೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ತಿಂಗಳ ಸಂಬಳ ಅನ್ನುವುದನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಕಂಡವರಲ್ಲ. ಪ್ಯಾನ್ ನಂಬರ್ ತಂದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಅಂತ ಕಾರ್ಖಾನೆಯವರು ಹೇಳಿದ್ದರು. ಜುಲೈ ಒಂದನೇ ತಾರೀಖಿನವರೆಗೆ ಕಾದರು. ಪಾಪ ಅಂತ ಇನ್ನೂ ಎರಡು ವಾರ ಕೊಟ್ಟರು. ಆ ಗಡುವೂ ಸೋಮವಾರಕ್ಕೆ ಮುಗಿದುಹೋಗಿತ್ತು.

ಮಂಗಳವಾರ ಸಂಧ್ಯಾ ಸ್ಕೂಟರ್ ನಿಲ್ಲಿಸುವ ಮುಂಚೆಯೇ ಅಡವಿಯಪ್ಪ ಶುರು ಮಾಡಿದ.

“ಏನಮ್ಮಾ, ಇವತ್ತೂ ಇಲ್ವಾ? ನಿನ್ ಚೀಲದಲ್ಲೇ ಎಲ್ಲೋ ಬಿದ್ದಿರ್ಬೇಕು, ಸರಿಯಾಗಿ ನೋಡು.”

“ನಿಮ್ದು ಬಂದಿದ್ರೆ ನಾನ್ಯಾಕೆ ಇಟ್ಕೊಳ್ಳಲಿ ಅಣ್ಣಾ?”

“ಬುಡು ಬುಡು. ಇವತ್ತೇ ಇನ್ನೊಂದು ಅರ್ಜಿ ಹಾಕಿಸ್ತೀನಿ. ದುಡ್ಡು ಜಾಸ್ತಿ ಕೊಟ್ರೆ ನಾಲ್ಕು ದಿನಕ್ಕೆ ತರಿಸ್ಕೊಡ್ತೀನಿ ಅಂದವ್ನೆ ಒಬ್ಬ.”

ಸಂಧ್ಯಾ ಸ್ಕೂಟರ್‌ನಿಂದ ಇಳಿದೇಬಿಟ್ಟಳು. “ಆ ಕೆಲಸ ಮಾತ್ರ ಮಾಡ್ಬೇಡಿ. ಒಬ್ಬರಿಗೆ ಒಂದೇ ಪ್ಯಾನ್. ಎರಡು ಮಾಡಿಸಿದ್ರೆ ದಂಡ ಬೀಳುತ್ತೆ. ಮೊದಲ ಅರ್ಜಿ ರಸೀದಿ ಎಲ್ಲಿದೆ?”

ರಸೀದಿ ದೇವರ ಪಟದ ಹಿಂದೆ ಭದ್ರವಾಗಿತ್ತು. ಇಟ್ಟ ದಿನದಿಂದ ಯಾರೂ ಅದನ್ನು ತೆಗೆದು ಓದಿರಲಿಲ್ಲ. ಅಂಗಡಿ ಹಿಂದಿನ ಮನೆಯಿಂದ ಭೂಮಿಕಾ ಅದನ್ನು ತಂದುಕೊಟ್ಟಳು. ಸಂಧ್ಯಾ ಓದುತ್ತಾ ಓದುತ್ತಾ ಮುಖ ಸಣ್ಣ ಮಾಡಿದಳು.

“ಅಣ್ಣಾ, ಇದರಲ್ಲಿ ಹುಲಿಯೂರುದುರ್ಗದ ವಿಳಾಸ ಇದೆಯಲ್ಲ?”

“ಆಧಾರ್‌ನಲ್ಲಿ ಅದೇ ಐತೆ. ಹುಟ್ಟಿದೂರಿನ ಹೆಸರು ಯಾಕೆ ತೆಗೆಸೋದು ಅಂತ ಹಂಗೇ ಬುಟ್ಟೆ.”

“ಅಲ್ಲಿ ಮನೇಲಿ ಯಾರಿದಾರೆ?”

“ಮನೆಯೇ ಇಲ್ಲ. ಬಿದ್ದೋಗಿ ಮೂರು ವರ್ಷ ಆಯ್ತು.”

“ಹಾಗಾದ್ರೆ ಕಾರ್ಡು ಅಲ್ಲಿಗೆ ಹೋಗಿ ವಾಪಸ್ ಹೋಗಿರುತ್ತೆ. ನೀವು ಇಲ್ಲಿ ಗುಬ್ಬೀಲಿ ನನ್ನ ಬೈಕೊಂಡು ಕೂತಿದೀರ. ಹೋಗಲಿ, ಈ ಮೊಬೈಲ್ ನಂಬರ್ ಯಾರದ್ದು?”

ಭೂಮಿಕಾ ನೆಲ ನೋಡುತ್ತಾ ಹೇಳಿದಳು. “ಅರ್ಜಿ ಹಾಕಿದ ತುಮಕೂರಿನ ಸೈಬರ್ ಅಂಗಡಿಯವರದ್ದು ಅಕ್ಕಾ. ನಾನು ನಂದೇ ಕೊಡೋಕೆ ಹೋದೆ. ಅಪ್ಪ ಬೇಡ ಅಂದ್ರು.”

“ಹೆಣ್ಮಗಳ ನಂಬರ್ ಕಂಡಕಂಡೋರ ಕೈಗೆ ಯಾಕೆ ಅಂತ…” ಅಡವಿಯಪ್ಪನ ದನಿ ಅಲ್ಲಿಗೇ ಇಳಿಯಿತು.

“ಅಯ್ಯೋ ಅಣ್ಣಾ. ಪ್ಯಾನ್ ಆದ ತಕ್ಷಣ ಆ ನಂಬರಿಗೇ ಮೆಸೇಜ್ ಬರೋದು. ಕಾರ್ಡು ಬರೋಕೆ ಮುಂಚೆ ಇ-ಪ್ಯಾನ್ ಅಂತ ಅರ್ಜೀಲಿ ಕೊಟ್ಟ ಇಮೇಲ್‌ಗೆ ಬರುತ್ತೆ. ಅದೂ ಕಾರ್ಡಿನಷ್ಟೇ ನಡೆಯುತ್ತೆ.”

“ಫೋನಲ್ಲಿ ಮುದ್ದೆ ತೋರ್ಸಿದ್ರೆ ಹೊಟ್ಟೆ ತುಂಬುತ್ತೇನಮ್ಮಾ? ಕಾರ್ಡು ಅಂದ್ರೆ ಕೈಗೆ ಸಿಗ್ಬೇಕು.”

“ಕಾರ್ಖಾನೆಯವರು ಕೇಳಿದ್ದು ನಂಬರ್ ತಾನೇ? ವಾದ ಆಮೇಲೆ ಮಾಡೋಣ. ಮೊದಲು ಆ ಅಂಗಡಿಗೆ ಹೋಗಿ.”

ಅಪ್ಪ ಮಗಳು ತುಮಕೂರಿನ ಬಸ್ಸು ಹತ್ತಿದರು. ಶಿರಾ ಗೇಟಿನ ಆ ಅಂಗಡಿಯಲ್ಲಿ ಜನವೋ ಜನ. ಅಂಗಡಿಯವನು ರಸೀದಿ ನೋಡಿ ಕಂಪ್ಯೂಟರಿನಲ್ಲಿ ಹುಡುಕಿದ. ಎರಡು ನಿಮಿಷವೂ ಹಿಡಿಯಲಿಲ್ಲ.

“ಇ-ಪ್ಯಾನ್ ಇದೆಯಲ್ಲ. ಜೂನ್ ಹದಿನಾಲ್ಕಕ್ಕೇ ಬಂದಿದೆ.”

ಅರ್ಜಿ ಹಾಕಿದ ಹನ್ನೊಂದನೇ ದಿನಕ್ಕೆ! ಅಡವಿಯಪ್ಪ ಕೌಂಟರಿನ ಮೇಲೆ ಬಗ್ಗಿದ.

“ಒಂದು ಫೋನ್ ಮಾಡ್ಬಾರ್ದಿತ್ತೇನಪ್ಪಾ?”

“ದಿನಕ್ಕೆ ಐವತ್ತು ಜನರದ್ದು ಬರುತ್ತೆ ಯಜಮಾನ್ರೇ, ಯಾರದ್ದು ಅಂತ ನೋಡ್ಲಿ? ನೀವೂ ಒಂದ್ಸಲ ಬಂದು ಕೇಳ್ಲಿಲ್ಲ.”

ತಪ್ಪು ಅವನದ್ದೂ ಇತ್ತು. ಆದರೆ ಬೈಯಲು ಅಡವಿಯಪ್ಪನಿಗೆ ಬಾಯಿ ಬರಲಿಲ್ಲ. ಆರು ವಾರ ತಾನು ಕೇಳಿದ್ದು, ಬೈದದ್ದು ಸಂಧ್ಯಾಳನ್ನು; ಈ ಅಂಗಡಿ ಕಡೆ ಒಮ್ಮೆಯೂ ಬಂದಿರಲಿಲ್ಲ. ಭೂಮಿಕಾ ಪ್ರಿಂಟ್ ತೆಗೆಸಿಕೊಂಡು ಹೊರಗೆ ಬಂದಳು. ಅವಳ ಫೋಟೋ, ಅವಳ ಹೆಸರು, ಅವಳ ನಂಬರ್, ಎಲ್ಲ ಇತ್ತು. ಅಲ್ಲೇ ನಿಂತು ಕಾರ್ಖಾನೆಗೆ ಫೋನ್ ಮಾಡಿದಳು.

“ನೆನ್ನೆ ಸಂಜೆವರೆಗೂ ನಿಮಗೋಸ್ಕರ ಕಾದ್ವಿ ಕಣಮ್ಮ,” ಎಂದರು ಆ ಕಡೆಯ ಮೇಡಂ. “ಇವತ್ತು ಬೆಳಗ್ಗೆ ಇನ್ನೊಬ್ಬಳು ಸೇರ್ಕೊಂಡ್ಳು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಭೂಮಿಕಾ ಅಳಲಿಲ್ಲ, ಅಪ್ಪನನ್ನು ಬೈಯಲೂ ಇಲ್ಲ. ಬೈದಿದ್ದರೆ ಅಡವಿಯಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಿನ್ನ ಕಾಪಾಡ್ತೀನಿ ಅಂತ ಹೋಗಿ ನಿನ್ ದಾರಿಗೆ ನಾನೇ ಅಡ್ಡ ನಿಂತ್ಬುಟ್ಟೆ ಕಣವ್ವಾ,” ಎಂದ.

“ನಡೀರಿ ಅಪ್ಪ. ಆಧಾರ್ ಸೆಂಟರ್ ಮುಚ್ಚೋಕೆ ಮುಂಚೆ ಹೋಗೋಣ. ಮುಂದಿನ ಕೆಲಸಕ್ಕಾದ್ರೂ ಎಲ್ಲ ಸರಿ ಇರಲಿ.”

ಅಲ್ಲಿ ವಿಳಾಸ ಗುಬ್ಬಿಗೆ ಬದಲಾಯಿಸಲು ಅರ್ಜಿ ಕೊಟ್ಟರು. ಕೌಂಟರಿನಲ್ಲಿದ್ದವರು ಮೊಬೈಲ್ ನಂಬರ್ ಕೇಳಿದರು. ಭೂಮಿಕಾ ಅಭ್ಯಾಸದಂತೆ ಅಪ್ಪನ ಮುಖ ನೋಡಿದಳು. ಅಡವಿಯಪ್ಪ ಕಣ್ಣೊರೆಸಿಕೊಂಡ.

“ನಿಂದೇ ಹೇಳವ್ವಾ.”

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಪ್ಯಾನ್ ಕಾರ್ಡಿಗೆ ಕಾಯುತ್ತಿರಬಹುದು. ಕಾಯುತ್ತಾ ಕೂರಬೇಡಿ. ರಸೀದಿಯಲ್ಲಿರುವ ಅರ್ಜಿ ಸಂಖ್ಯೆ ಹಾಕಿದರೆ ಕಾರ್ಡು ಎಲ್ಲಿದೆ ಅಂತ ಇಂಟರ್ನೆಟ್ಟಿನಲ್ಲೇ ತಿಳಿಯುತ್ತದೆ. ಇ-ಪ್ಯಾನ್ ಬಂದಿದ್ದರೆ ಅದೇ ಸಾಕು, ಧೈರ್ಯವಾಗಿ ಕೊಡಿ. ಕಾರ್ಡು ವಾಪಸ್ ಹೋಗಿದ್ದರೆ ವಿಳಾಸ ತಿದ್ದಿಸಿ, ಅದೇ ನಂಬರಿನ ಕಾರ್ಡನ್ನು ಮತ್ತೆ ತರಿಸಿಕೊಳ್ಳಿ. ಎರಡನೇ ಪ್ಯಾನ್‌ಗೆ ಮಾತ್ರ ಅರ್ಜಿ ಹಾಕಬೇಡಿ. ಕಾರ್ಡು ಬೇಗ ಕಳಿಸ್ತೀವಿ ಅಂತ ಫೋನಿನಲ್ಲಿ ಓಟಿಪಿ ಕೇಳಿದರೆ ಯಾರಿಗೂ ಹೇಳಬೇಡಿ.

ಇವತ್ತು ಮನೆಗೆ ಹೋದ ಕೂಡಲೇ ದೇವರ ಪಟದ ಹಿಂದಿನ ಆ ರಸೀದಿ ತೆಗೆದು ಓದಿ. ಅದರಲ್ಲಿರುವ ಮೊಬೈಲ್ ನಂಬರ್ ನಿಮ್ಮದೇನಾ?