ಚನ್ನವೀರನನ್ನು ಮರಳಿ ಕರೆತಂದ ಯಂತ್ರ

ಸತ್ತ ಮೂರು ಕಂಪ್ಯೂಟರುಗಳ ಬಿಡಿಭಾಗ ಕೂಡಿಸಿ, ಹುಬ್ಬಳ್ಳಿಯ ರಿಪೇರಿ ಅಂಗಡಿಯೊಂದರಲ್ಲಿ ನನ್ನನ್ನು ಹುಟ್ಟಿಸಿದರು. ಅದಕ್ಕೇ ಇರಬೇಕು, ಸತ್ತವರ ಸಂಗ ನನಗೆ ತಪ್ಪಲಿಲ್ಲ.

ರಕ್ತದಾನಿಗಳ ಸಂಘವೊಂದು ನನ್ನನ್ನು ಕೊಂಡಿತು. ದಾನಿಗಳ ಹೆಸರು, ಫೋನ್ ನಂಬರು ನಾನೂ ಸೇರಿ ಅಲ್ಲಿಯ ಮೂರು ಯಂತ್ರಗಳಲ್ಲೂ ಇರುತ್ತಿದ್ದವು. ಒಬ್ಬ ಮಲಗಿದರೆ ಇನ್ನಿಬ್ಬರು ಉತ್ತರ ಕೊಡಬೇಕು. ನಮ್ಮನ್ನು ಕೇಳಿ ಉತ್ತರ ತರುವ ಕ್ಲೈಂಟ್ ಲೈಬ್ರರಿ ಎಂಬ ಹೊಸ ತಂತ್ರಾಂಶವನ್ನು ಸಂಘದ ಕಂಪ್ಯೂಟರು ನೋಡಿಕೊಳ್ಳುವ ನೀಲಾ ಕೂರಿಸುತ್ತಿದ್ದಳು. ಅದನ್ನು ಪರೀಕ್ಷಿಸಲು ಅವಳು ಕೀಳುತ್ತಿದ್ದುದು ಯಾವಾಗಲೂ ನನ್ನ ವೈರನ್ನೇ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನಿದ್ದೆ.

ನೀಲಾಳ ಅಣ್ಣ ಚನ್ನವೀರನ ಹೆಸರೂ ನಮ್ಮಲ್ಲಿತ್ತು. ಅಪರೂಪದ ಗುಂಪಿನ ರಕ್ತ ಅವನದು. ಬೇಸಿಗೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಹೆಸರು ಅಳಿಸಲು ನೀಲಾಳಿಗೆ ಕೈ ಬರಲಿಲ್ಲ. ಹಾಗಾಗಿ ರಕ್ತ ಬೇಕಾದವರು ಅವನ ಮೊಬೈಲಿಗೆ ಫೋನು ಮಾಡುತ್ತಲೇ ಇದ್ದರು. ಅವರ ಅವ್ವ ಅದನ್ನು ಎತ್ತುತ್ತಿದ್ದಳು.

ಆಯುಧ ಪೂಜೆ ಬಂತು. ಉಳಿದಿಬ್ಬರನ್ನು ನಿಲ್ಲಿಸುವಂತಿಲ್ಲ, ರೋಗಿಗಳ ಜೀವದ ಪ್ರಶ್ನೆ. ಮೂವರ ಪರವಾಗಿ ನನ್ನನ್ನು ವೈರಿನಿಂದ ಬಿಚ್ಚಿ, ವಿಭೂತಿ ಎಳೆದು, ಚೆಂಡು ಹೂ ಏರಿಸಿ ಮಣೆಯ ಮೇಲೆ ಕೂರಿಸಿದರು.

"ದೀಪಾವಳಿಗೆ ಮತ್ತ ಪೂಜಿ ಐತಲ್ಲ, ಅಲ್ಲೀತನಕ ಹಂಗ ಇರ್ಲಿ ಬಿಡ್ರಿ," ಎಂದರು ಸಂಘದ ಹಿರಿಯರಾದ ತೋಟಪ್ಪನವರು.

ವೈರು ಇಲ್ಲದಿದ್ದರೂ ನನಗೆ ಕಿವಿ ಇತ್ತು. ದಸರಾ ಮುಗಿದ ಮೇಲೆ ಅವ್ವ ಆಫೀಸಿಗೆ ಬಂದಳು.

"ನೀಲಾ, ಅವನ ಹೆಸರು ತಗದಬಿಡವ್ವಾ. ಅಂವ ಇಲ್ರೀ, ಅಂವ ಇಲ್ರೀ ಅಂತ ಎಷ್ಟ ಮಂದಿಗೆ ಹೇಳ್ಲಿ? ಹೇಳಿದಾಗೊಮ್ಮೆ ಮತ್ತ ಸತ್ತಂಗ ಆಕೈತಿ."

ನೀಲಾ ಅಳುತ್ತಲೇ ಅಳಿಸಿದಳು. ಉಳಿದಿಬ್ಬರು ‘ಈ ಹೆಸರು ಅಳಿಸಿದೆ’ ಎಂಬ ಗುರುತನ್ನು ಹತ್ತು ದಿನ ಇಟ್ಟುಕೊಂಡು, ಆಮೇಲೆ ಅದನ್ನೂ ಎಸೆದರು. ನಮ್ಮವರ ಪದ್ಧತಿಯೇ ಅದು. ಮಣೆಯ ಮೇಲಿದ್ದ ದೇವರಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ.

ದೀಪಾವಳಿ ಮುಗಿಸಿ ನನ್ನನ್ನು ಹಾಗೆಯೇ ಜೋಡಿಸಿದರು. ನನ್ನಲ್ಲಿದ್ದ ಚನ್ನವೀರನ ಹೆಸರು ಕಂಡು, ತಮ್ಮಲ್ಲಿ ಬಿಟ್ಟುಹೋಗಿದೆಯೆಂದು ಉಳಿದಿಬ್ಬರೂ ಬರೆದುಕೊಂಡರು. ಸತ್ತವನು ಮೂರು ಕಡೆ ಎದ್ದು ಕೂತ.

ಮರುದಿನವೇ ಅವನ ಗುಂಪಿನ ರಕ್ತ ಬೇಕಾಯಿತು, ಕೇಳಿದವರಿಗೆ ನಾವು ಅವನ ನಂಬರು ಕೊಟ್ಟೆವು. ಸಂಜೆ ಆಸ್ಪತ್ರೆಯಿಂದ ಬಂದ ಫೋನನ್ನು ನೀಲಾ ಎತ್ತಿದಳು.

"ಚನ್ನವೀರ ಅವರು ಇನ್ನೂ ಬಂದಿಲ್ರಿ. ಅವರ ತಾಯಿ ಈಗ ಕಳಸ್ತೀನಿ ಅಂದಾರ. ಬಾಗಲದಾಗ ನಿಂತು ದಾರಿ ನೋಡಾಕತ್ತೀವ್ರಿ. ನಮ್ಮ ಹುಡುಗಿ ಆಪರೇಷನ್ ಐತ್ರಿ."

ನೀಲಾ ಹೇಗೋ ಬೇರೊಬ್ಬ ದಾನಿಯನ್ನು ಹುಡುಕಿ ಕಳಿಸಿ, ಮನೆಗೆ ಓಡಿದಳು. ಹೆಸರು ಅಳಿಸಿದ ಮೇಲೂ ಫೋನು ಬಂತೆಂದರೆ ಮಗ ಮರಳಿದ್ದಾನೆಂದು ನಂಬಿ, ಅವ್ವ ಚನ್ನವೀರನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳಂತೆ.

ಮರುದಿನ ನೀಲಾ ಮೂವರಿಂದಲೂ ಅವನನ್ನು ತೆಗೆದಳು. ನನ್ನನ್ನಂತೂ ಬುಡಸಮೇತ ಅಳಿಸಿ ಹೊಸದಾಗಿ ಕೂರಿಸಿದಳು. ಒಳಗೆಲ್ಲ ಖಾಲಿಯಾಯಿತು, ತಗಡಿನ ಮೈಗೆ ಮಾತ್ರ ಆ ಹೆಸರು ಅಂಟಿಕೊಂಡೇ ಇದೆ. ಎಲ್ಲಿ ಮತ್ತೆ ಅವನನ್ನು ಎಬ್ಬಿಸಿಬಿಡುತ್ತೇನೋ ಎಂದು ಭಯವಾಗುತ್ತದೆ ನನಗೆ.

ಈಗ ವಯಸ್ಸಾಗಿದೆ, ಫ್ಯಾನು ಗೊರಗೊರ ಎನ್ನುತ್ತದೆ. ಪರೀಕ್ಷೆಗೆಂದು ಮೂಲೆಯಲ್ಲಿಟ್ಟಿದ್ದಾರೆ. ಲೈಬ್ರರಿಯಲ್ಲಿ ಏನೇ ಬದಲಿಸಲಿ, ನೀಲಾ ಮೊದಲು ಕೇಳುವುದು ಚನ್ನವೀರ ಇದ್ದಾನೆಯೇ ಎಂದು. ಇಲ್ಲ ಎನ್ನುತ್ತೇನೆ. ಉತ್ತರ ಸರಿ, ಪರದೆ ಹಸಿರಾಗುತ್ತದೆ. ಹೇಳಿ ಹೇಳಿ ಅವ್ವನಿಗೆ ಸಾಕಾಗಿದ್ದ ಆ ಮಾತನ್ನು ಈಗ ನಾನು ಹೇಳುತ್ತಿದ್ದೇನೆ.