ಹಿಮ್ಮಡಿಯ ಮೂರು ಸದ್ದು

ನನ್ನ ಅಜ್ಜಿಯ ಹೆಜ್ಜೆ ಸದ್ದನ್ನು ಕತ್ತರಿಸಿ ಎಸೆದವನು ನಾನೇ. ಈ ಬಲಗೈಯಲ್ಲಿ ಬ್ಲೇಡು ಹಿಡಿದು, ಒಂದಲ್ಲ, ಏಳು ಸಲ.

ಪ್ಯಾರಿಸ್ಸಿನ ಒಂದು ರೆಕಾರ್ಡ್ ಕಂಪನಿಯಲ್ಲಿ ಟೇಪು ಕತ್ತರಿಸುವುದು ನನ್ನ ಕೆಲಸವಾಗಿತ್ತು. ಗಾಯಕ ಕೆಮ್ಮಿದರೆ ಕೆಮ್ಮು ಕತ್ತರಿಸಿ, ಎರಡು ತುದಿ ಕೂಡಿಸಿ, ಗೋಂದಿನ ಪಟ್ಟಿ ಅಂಟಿಸುತ್ತಿದ್ದೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೇನು.

ಈ ವರ್ಷ, 1956ರ ಮಾರ್ಚಿನಲ್ಲಿ, ಮಸ್ಯೂ ಒಬೆರ್ಲೆ ಬಂದ. ಅನ್ಸೆಲ್ಮ್ ಕುರ್ತೆಲ್ ಎಂಬ ಹಾಡುನಾಟಕಗಳ ಸಂಗೀತಗಾರನ ಮೇಲೆ ಇಪ್ಪತ್ತು ವರ್ಷದಿಂದ ಸಂಶೋಧನೆ ಮಾಡುತ್ತಿರುವ ಮನುಷ್ಯ. ಕುರ್ತೆಲ್ ಸತ್ತು ನಲವತ್ತೈದು ವರ್ಷವಾಗಿದೆ. ಅವನ ಮೂವತ್ತೊಂದು ನಾಟಕಗಳಲ್ಲಿ ಧ್ವನಿ ಕೊರೆದ ಮೇಣದ ಉರುಳೆಗಳ ಮೇಲೆ ಉಳಿದಿರುವುದು ಬರೀ ಹತ್ತೊಂಬತ್ತು ಹಾಡು. ಅವನ್ನೆಲ್ಲ ಎರಡು ದೊಡ್ಡ ರೆಕಾರ್ಡುಗಳಿಗೆ ಇಳಿಸಿ, ಜೊತೆಗೆ ಕುರ್ತೆಲ್‌ನ ಜೀವನದ ಒಂದು ಪುಸ್ತಿಕೆ ಇಡುವುದು ಒಬೆರ್ಲೆಯ ಯೋಜನೆ. ಪುಸ್ತಿಕೆಯನ್ನು ನಾನು ಓದಿದ್ದೇನೆ. ಕುರ್ತೆಲ್ ಸಾಕಿದ್ದ ಆರು ಬೆಕ್ಕುಗಳ ಹೆಸರೂ ಅದರಲ್ಲಿದೆ. ಬೆಕ್ಕುಗಳದ್ದು!

ಆ ಕಾಲದ ಧ್ವನಿಮುದ್ರಣದಲ್ಲಿ ಹಾಡಿಗೆ ಮುಂಚೆ ಒಬ್ಬ ಜೋರಾಗಿ ಕೂಗುತ್ತಿದ್ದ: ಹಾಡು ಇಂಥದ್ದು, ಹಾಡುವವರು ಇಂಥವರು. ಅದನ್ನು ತೆಗೆ ಎಂದ ಒಬೆರ್ಲೆ. ತೆಗೆದೆ. ಏಳು ಹಾಡುಗಳಲ್ಲಿ ಆ ಕೂಗಿನ ನಂತರ ಮೂರು ಸದ್ದು ಬರುತ್ತಿತ್ತು. ಎರಡು ಬೇಗ ಬೇಗ, ಮೂರನೆಯದು ಸ್ವಲ್ಪ ತಡೆದು.

"ಇದೇನು ಮಸ್ಯೂ?" ಎಂದೆ.

"ಪಕ್ಕದ ರೂಮಲ್ಲಿ ಯಾವನೋ ಬಡಗಿ ಮೊಳೆ ಹೊಡೀತಿರಬೇಕು. ತೆಗಿ, ತೆಗಿ."

ತೆಗೆದೆ.

ಭಾನುವಾರ ಬೆಲ್‌ವಿಲ್‌ನಲ್ಲಿ ಅಜ್ಜಿಯ ಮನೆಯಲ್ಲಿ ಊಟ. ಅಜ್ಜಿ ಝೆಫಿರಿನ್‌ಗೆ ಎಪ್ಪತ್ತೈದು. ಕುಳ್ಳಿ, ಬಾಯಿ ಜೋರು. ಪ್ರಾಯದಲ್ಲಿ ನಾಟಕದ ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದಳು ಎಂದಷ್ಟೇ ನನಗೆ ಗೊತ್ತಿತ್ತು. ಸಾಸಿವೆ ಹಾಕಿದ ಮೊಲದ ಸಾರು ಬಡಿಸುವಾಗ ನಾನು ಕುರ್ತೆಲ್‌ನ ಹೆಸರೆತ್ತಿದೆ. ಸೌಟು ಅಲ್ಲೇ ನಿಂತಿತು.

"ಯಾವ ಹಾಡು?" ಎಂದಳು.

"'ಗುಂಡಿ ಹೊಲಿಯುವವಳು' ನಾಟಕದ್ದು ಏಳಿವೆ. ಲೆಯಾ ದೊರ್ವಾಲ್ ಹಾಡಿದ್ದು. ಏನು ಗಂಟಲು ಅಜ್ಜೀ ಅವಳದ್ದು!"

"ದೊರ್ವಾಲಾ? ಅವಳು ಹಾಡಿದ್ಲಾ?" ಅಜ್ಜಿ ಸೌಟು ಇಟ್ಟು ಕುಳಿತಳು. "ಧ್ವನಿ ಹಿಡಿಯೋ ಆ ತಗಡಿನ ಕಹಳೆ ಮುಂದೆ ನಿಂತ್ರೆ ದನಿ ಹೀರ್ಕೊಂಡ್ಬಿಡತ್ತೆ ಅಂತ ಹೆದರಿ ಮನೇಲಿ ಮಲಗಿದ್ಲು ಕಣೋ ಆ ಹೆಂಗಸು! ಮೇಳದಿಂದ ನನ್ನ ಕಳಿಸಿದ್ರು. ದಿನಕ್ಕೆ ಇಪ್ಪತ್ತು ಸಲ ಅದೇ ಹಾಡು. ನಾನು ಕುಳ್ಳಿ, ಕಹಳೆ ಎಟುಕ್ತಿರಲಿಲ್ಲ ಅಂತ ಒಂದು ಮರದ ಪೆಟ್ಟಿಗೆ ಮೇಲೆ ಹತ್ತಿಸಿ ನಿಲ್ಲಿಸಿದ್ರು. ಹಾಡಿದ್ದು ನಾನು, ಕೂಗಿದ್ದು ಅವಳ ಹೆಸರು. ಬಾಯ್ಬಿಟ್ರೆ ಮೇಳದಿಂದ ಹೊರಗೆ ಅಂದ್ರು. ಹೊಟ್ಟೇಲಿ ನಿಮ್ಮಮ್ಮ ಇದ್ಲು."

"ಕುರ್ತೆಲ್‌ಗೆ ಗೊತ್ತಿತ್ತಾ?"

"ಪಿಯಾನೋ ನುಡಿಸಿದ್ದೇ ಅವನು. ಒಂದು ಮಾರು ದೂರದಲ್ಲಿ ಕೂತಿದ್ದ."

ಆಮೇಲೆ ಅವಳು ಚಮಚೆಯ ಹಿಡಿಯಿಂದ ಮೇಜನ್ನು ತಟ್ಟಿದಳು. ಟಕ್ ಟಕ್. ತಡೆದು, ಟಕ್.

"ರಂಗದಲ್ಲಿ ಪರದೆ ಏಳೋಕ್ಮುಂಚೆ ಕೋಲಲ್ಲಿ ಮೂರು ಸಲ ನೆಲ ಕುಟ್ತಾರಲ್ಲ? ಅದು ಕೇಳಿಸ್ದೆ ನನಗೆ ಗಂಟಲೇ ಏಳ್ತಿರಲಿಲ್ಲ. ಅಲ್ಲಿ ಪರದೆಯೂ ಇಲ್ಲ, ಕೋಲೂ ಇಲ್ಲ. ನಾನೇ ಹಿಮ್ಮಡೀಲಿ ಪೆಟ್ಟಿಗೆ ಕುಟ್ತಿದ್ದೆ. ಮೂರನೇದು ಉಸಿರು ತಗೊಂಡು."

ತಟ್ಟೆ ಪಕ್ಕಕ್ಕೆ ಸರಿಸಿದೆ. ಆ ಸದ್ದು ಕತ್ತರಿಸಿದ್ದು ನಾನು ಎಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಹೆಚ್ಚು ಉರಿಯಿತು.

"ದೊರ್ವಾಲ್ ಸತ್ಲು, ಪಿಯಾನೋದವನೂ ಸತ್ತ, ಹೆದರಿಸಿದವರೂ ಸತ್ರು," ಎಂದಳು. "ಈಗ ಹೇಳಬಹುದು. ಆ ಏಳು ಹಾಡಿಗೆ ನನ್ನ ಹೆಸರು ಬೇಕು, ಮಗಾ ಫಿರ್ಮ್ಯಾಂ. ನಾನು ಕಣ್ಮುಚ್ಚೋ ಮುಂಚೆ."

ನಮ್ಮ ಕೋಣೆಯಲ್ಲಿ ಒಂದು ರೂಢಿಯಿತ್ತು. ಕತ್ತರಿಸಿದ ತುಂಡುಗಳನ್ನು ಕಸಕ್ಕೆ ಹಾಕುತ್ತಿರಲಿಲ್ಲ. ರೆಕಾರ್ಡ್ ಅಚ್ಚಾಗುವ ತನಕ ಗುರುತು ಬರೆದು ಗೋಡೆಯ ಮೊಳೆಗಳಿಗೆ ನೇತುಹಾಕುತ್ತಿದ್ದೆವು. ದೊಡ್ಡವರ ಮನಸ್ಸು ಯಾವಾಗ ತಿರುಗುತ್ತದೋ ಯಾರಿಗೆ ಗೊತ್ತು. ಸೋಮವಾರ ಬೆಳಿಗ್ಗೆ ಆ ಏಳು ತುಂಡುಗಳನ್ನು ಇಳಿಸಿ, ಮೂರು ಸದ್ದನ್ನು ಮತ್ತೆ ಅಂಟಿಸಿ, ಒಬೆರ್ಲೆಗೆ ಕೇಳಿಸಿದೆ. ಎಲ್ಲವನ್ನೂ ಹೇಳಿದೆ.

ಅವನು ಕನ್ನಡಕ ತೆಗೆದು ಒರೆಸಿದ. "ನೀನು ಎಷ್ಟರವರೆಗೆ ಓದಿದೀಯಪ್ಪಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ದಾಖಲೆ ಅಂದ್ರೆ ಏನು ಅಂತ ಗೊತ್ತಾಗಲಿ ಅಂತ. ಉರುಳೆಯಲ್ಲೇ ದೊರ್ವಾಲ್ ಅಂತ ಸ್ಪಷ್ಟವಾಗಿ ಕೂಗಿದ್ದಾರೆ. ಯಂತ್ರ ಸುಳ್ಳು ಹೇಳಲ್ಲ."

"ಕೂಗಿದವನು ಮನುಷ್ಯ ಮಸ್ಯೂ, ಯಂತ್ರ ಅಲ್ಲ. ಇದು ಮರದ ಪೆಟ್ಟಿಗೆಯ ಸದ್ದು, ನೆಲದ್ದಲ್ಲ. ನಿಮ್ಮ ಪುಸ್ತಿಕೆಯಲ್ಲೇ ಬರೆದಿದ್ದೀರಿ, ದೊರ್ವಾಲ್ ತಾಳೆಮರದ ಹಾಗೆ ಎತ್ತರ ಅಂತ. ಅಂಥವಳು ಪೆಟ್ಟಿಗೆ ಹತ್ತಿ ಯಾಕೆ ನಿಲ್ತಾಳೆ?"

"ಕಲಾವಿದರ ಲಹರಿ," ಎಂದ. ಇನ್ನೊಮ್ಮೆ ಹಾಕು ಎಂದ. ಕೇಳಿದ. ಮುಖ ಅರಳಿತು. ನಾನು ಮೂರ್ಖ, ಗೆದ್ದೆ ಅಂದುಕೊಂಡೆ. "ಎಷ್ಟು ಮುದ್ದಾಗಿದೆ! ಇದು ಇರಲಿ, ತೆಗೀಬೇಡ. ಪುಸ್ತಿಕೇಲಿ ಒಂದು ಸಾಲು ಸೇರಿಸ್ತೀನಿ: 'ದೊರ್ವಾಲ್‌ಳ ತುಂಟ ಹಿಮ್ಮಡಿ'."

ಅಜ್ಜಿಯ ಹೆಸರು ಕಸಿದಿದ್ದರು. ಈಗ ಇವನು ಕಾಲನ್ನೂ ದೊರ್ವಾಲ್‌ಗೇ ಕೊಟ್ಟ. ಅದೂ ನಾನು ತಂದು ಕೈಗಿಟ್ಟ ಕಾಲು. ಟೇಪಿನ ಡಬ್ಬಿಯ ಮೇಲೆ 'ಕೇಳಿ ಒಪ್ಪಿದ್ದೇನೆ' ಎಂದು ಸಹಿ ಹಾಕಿ, ಟೋಪಿ ಇಟ್ಟುಕೊಂಡು ಹೋದ. ಅವನ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತಾ ನಿಂತಿದ್ದೆ. ಬ್ಲೇಡು ನನ್ನ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟು, ಕೈಗಳನ್ನು ಜೇಬಿಗೆ ತುರುಕಿಕೊಂಡೆ.

ಸಹಿಯಾದ ಡಬ್ಬಿಯನ್ನು ಯಾರೂ ಮತ್ತೆ ತೆರೆದು ಕೇಳುವುದಿಲ್ಲ. ಅಚ್ಚಿನವನು ಅದನ್ನು ಒಯ್ಯುವುದು ಗುರುವಾರ ಸಂಜೆ. ಗುರುವಾರ ಮಧ್ಯಾಹ್ನ ಎಲ್ಲರೂ ಎರಡು ಗಂಟೆ ಊಟಕ್ಕೆ ಹೋದಾಗ ಅಜ್ಜಿಯನ್ನು ಹಿಂಬಾಗಿಲಿನಿಂದ ಒಳಗೆ ಕರೆತಂದೆ. ಭಾನುವಾರದ ಟೋಪಿ, ಕೈಗವಸು, ತುಟಿಗೆ ಬಣ್ಣ.

"ಕಹಳೆ ಎಲ್ಲೋ?"

"ಕಹಳೆ ಇಲ್ಲ ಅಜ್ಜೀ. ಈ ಮೈಕಿನ ಮುಂದೆ ಮಾತಾಡು."

"ಇಷ್ಟೇನಾ? ಹಲ್ಲುಜ್ಜೋ ಬ್ರಶ್ಶಿನಷ್ಟಿದೆ. ನನಗೆ ಪೆಟ್ಟಿಗೆ ಬೇಡವಾ?"

"ಬೇಡ. ಅವತ್ತು ಹಾಡಿಗೆ ಮುಂಚೆ ಅವನು ಕೂಗ್ತಿದ್ನಲ್ಲ, ಹಾಗೆ ಕೂಗು. ನಿನ್ನ ಹೆಸರು ಹಾಕಿ."

ಅವಳು ಎದೆ ಮುಂದೆ ಮಾಡಿ ನಿಂತಳು. ಆ ಐದಡಿ ಮುದುಕಿಯಿಂದ ಬಂದ ದನಿಗೆ ಯಂತ್ರದ ಮುಳ್ಳು ಕೆಂಪು ಗೆರೆ ದಾಟಿತು: "'ಗುಂಡಿ ಹೊಲಿಯುವವಳು'. ಸಂಗೀತ, ಮಸ್ಯೂ ಕುರ್ತೆಲ್. ಹಾಡಿದವಳು, ಮೇಳದ ಹಿಂದಿನ ಸಾಲಿನ ಝೆಫಿರಿನ್ ಬುಶೋ!"

"ಕಡೇಲಿ ದನಿ ನಡುಗಿತು. ಇನ್ನೊಂದ್ಸಲ," ಎಂದಳು.

"ಹೊತ್ತಿಲ್ಲ ಅಜ್ಜೀ, ಅವರು ಬಂದ್ಬಿಡ್ತಾರೆ."

"ಅವತ್ತು ಇಪ್ಪತ್ತು ಸಲ ಮಾಡಿಸಿದ್ರು. ಇವತ್ತು ನನ್ನ ಹೆಸರಿಗೆ ಎರಡು ಸಲ ಆಗಲ್ವಾ?"

ಎರಡು ಸಲ ಮಾಡಿದೆವು. ಅವಳನ್ನು ಬಸ್ಸು ಹತ್ತಿಸಿ ಬಂದು ಅವಳ ಕೂಗಿನ ಏಳು ಪ್ರತಿ ತೆಗೆದು, ಏಳು ಕಡೆ ಕತ್ತರಿಸಿ, ಮೂರು ಸದ್ದಿನ ಮುಂದೆ ಅಂಟಿಸಿದೆ. ಡಬ್ಬಿಯನ್ನು ಮೊದಲಿನಂತೆ ಮುಚ್ಚಿಟ್ಟೆ.

ರೆಕಾರ್ಡು ಮೇ ತಿಂಗಳಲ್ಲಿ ಅಂಗಡಿಗೆ ಬಂತು. ನಾಲ್ಕನೇ ದಿನ ಕಂಪನಿ ನನ್ನನ್ನು ಹೊರಗೆ ಹಾಕಿತು. ಒಬೆರ್ಲೆ ಎಲ್ಲರ ಮುಂದೆ "ಪುಂಡ! ಇತಿಹಾಸಕ್ಕೆ ಮಸಿ ಬಳಿದೆ!" ಎಂದು ಕಿರುಚಿದ. ನೀವು ಬೆಕ್ಕಿನ ಹೆಸರು ಬರೆದುಕೊಂಡು ಕೂತಿರಿ ಎಂದೆ. ಅಂಗಡಿಗಳಿಂದ ರೆಕಾರ್ಡುಗಳನ್ನು ವಾಪಸು ತರಿಸುತ್ತಿದ್ದಾರೆ ಎಂದು ತಿಳಿದು, ಅಂದೇ ಅಜ್ಜಿಯನ್ನು ಕರೆದುಕೊಂಡು ಓಡಿದೆ. ಒಂದು ಅಂಗಡಿಯಲ್ಲಿ ಇನ್ನೂ ಇತ್ತು. ಕೇಳಿ ನೋಡುವ ಗಾಜಿನ ಗೂಡಿನಲ್ಲಿ ಇಬ್ಬರೂ ಒತ್ತಿಕೊಂಡು ನಿಂತೆವು.

ಅವಳ ಹೆಸರು ಬಂತು. ಮೂರು ಸದ್ದು ಬಂತು. ಆಮೇಲೆ ಕುರ್ತೆಲ್‌ನ ಪಿಯಾನೋ, ಅದರ ಮೇಲೆ ಇಪ್ಪತ್ಮೂರು ವರ್ಷದ ಹುಡುಗಿಯ ದನಿ. ಅಜ್ಜಿ ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕೊನೆಯ ತನಕ ಕೇಳಿದಳು.

"ಕೇಳಿಸ್ಕೊಂಡ್ಯಾ?" ಎಂದಳು. "ನಾನು ಕುಟ್ಟೋವರೆಗೂ ಕುರ್ತೆಲ್ ಕೈ ಎತ್ಕೊಂಡು ಕಾಯ್ತಿದ್ದಾನೆ. ನನ್ನ ಹಿಮ್ಮಡಿ ನೋಡಿ ಲಯ ಹಿಡೀತಿದ್ದ, ಹಂದಿ! ಒಂದು ಮಾತು, ಒಂದೇ ಒಂದು ಮಾತು ಹೇಳಬಹುದಿತ್ತಲ್ಲ ಅವನು!"

ಹೇಳುತ್ತಾ ಹೇಳುತ್ತಾ ಅವಳು ಗೂಡಿನ ಮರದ ನೆಲವನ್ನು ಹಿಮ್ಮಡಿಯಿಂದ ಕುಟ್ಟತೊಡಗಿದಳು. ಮೂರಕ್ಕೆ ನಿಲ್ಲಿಸಲಿಲ್ಲ. ಅಂಗಡಿಯವನು ಓಡಿ ಬಂದು ಗಾಜು ಬಡಿದ. ನಾನು ಒಳಗಿನಿಂದ ಚಿಲಕ ಹಾಕಿ, ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟೆ.